ಕೌದಿ ಅಂಚಿಗೆ ಪಟ್ಟಿ ಹಾಕೋಕೆ ಟೇಪ್ ಮೇಕರ್ ತಗೋಬೇಕಾ, ವಾಕಿಂಗ್ ಫೂಟ್ ತಗೋಬೇಕಾ? ಒಂದು ಮಳೆಗಾಲ ಬಳಸಿ ನೋಡಿದ್ದು

ಮೊದ್ಲು ಒಂದ್ ಮಾತಲ್ಲಿ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ. ಮನೇಲಿ ಹೊಲಿದ ಕೌದಿಗೆ ಸುತ್ತ ಅಂಚುಪಟ್ಟಿ ಕಟ್ಟೋಕೆ ಅಂತ ದುಡ್ಡು ಹಾಕೋದಾದ್ರೆ ವಾಕಿಂಗ್ ಫೂಟ್‌ಗೆ ಹಾಕಿ, ಅಂದ್ರೆ ಹೊಲಿಗೆ ಮಿಷನ್‌ಗೆ ಮಾಮೂಲಿ ಫೂಟ್ ಬದಲು ಹಾಕೋದು, ದಪ್ಪ ಬಟ್ಟೆಯ ಮೇಲಿನ ಪದರಾನೂ ಕೆಳಗಿನದರ ಜೊತೆ ಎಳೆಯೋ ಫೂಟ್. ಬಯಾಸ್ ಟೇಪ್ ಮೇಕರ್, ಅಂದ್ರೆ ಬಟ್ಟೆ ಪಟ್ಟಿಯ ಎರಡೂ ಪಕ್ಕ ಮಡಚಿ ಕೊಡೋ ಪುಟ್ಟ ತಗಡಿನ ಕೊಳವೆ, ಒಳ್ಳೇ ಸಾಮಾನೇ, ಆದ್ರೆ ಅದರ ಕೆಲಸ ಬೇರೆ, ಹೊದೆಯೋ ದಪ್ಪ ಕೌದಿಗೆ ಅದು ಬೇಕಾಗಲ್ಲ. ಎರಡನ್ನೂ ನಾನೇ ದುಡ್ಡು ಕೊಟ್ಟು ತಗೊಂಡು, ನಾಲ್ಕು ಕೌದಿ ಮುಗಿಸಿ, ಚಿಕ್ಕಮಗಳೂರಿನ ಒಂದು ಪೂರ್ತಿ ಮಳೆಗಾಲ ಹೊದ್ದು ಒಗೆದು ಒಣಗಿಸಿ ನೋಡಿ ಬರೀತಿದೀನಿ.

ಇದೆಲ್ಲಾ ಶುರುವಾಗಿದ್ದು ಅಮ್ಮನ ಸೀರೆಯಿಂದ. ಅಮ್ಮ ಹೋಗಿ ಮೂರು ವರ್ಷ ಆಯ್ತು, ಅವ್ರು ದಿನಾ ಉಡ್ತಿದ್ದ ಕಾಟನ್ ಸೀರೆಗಳು ಟ್ರಂಕಲ್ಲಿ ಹಂಗೇ ಇದ್ವು, ಯಾರಿಗೂ ಕೊಡೋಕೆ ಮನಸ್ಸಿಲ್ಲ, ಉಡೋಕೂ ಆಗಲ್ಲ ಸೆರಗೆಲ್ಲಾ ಜೀರ್ಣ ಆಗಿದೆ. ಅಕ್ಕನ ಮಗಳ ಬಾಣಂತನ ಬಂತು, ಆಗ ಅಕ್ಕನೇ ಹೇಳಿದ್ಲು, "ಅಮ್ಮನ ಸೀರೇಲಿ ಮಗೂಗೊಂದು ಕೌದಿ ಮಾಡೇ, ಟ್ರಂಕಲ್ಲಿಟ್ಟು ಏನ್ ಮಾಡ್ತೀಯ, ಹುಳ ತಿನ್ನುತ್ತೆ" ಅಂತ. ಸರಿ ಅಂತ ಗಟ್ಟಿ ಇರೋ ಭಾಗ ನೋಡಿ ನೋಡಿ ಕತ್ತರಿಸಿ ಚೌಕ ಚೌಕ ಜೋಡಿಸಿ, ಒಳಗೆ ಎರಡು ಹಳೇ ಸೀರೆ ಹಾಸಿ, ಕೆಳಗೆ ಹೊಸ ಲಾಂಗ್ ಕ್ಲಾತ್ ಕೊಟ್ಟು ಕೈಯಲ್ಲೇ ಉದ್ದುದ್ದ ಹೊಲಿಗೆ ಹಾಕಿದೆ. ಎರಡು ತಿಂಗಳು ಹಿಡೀತು. ಎಲ್ಲಾ ಆಯ್ತು, ಸುತ್ತ ಅಂಚು ಹೆಂಗೆ ಮುಚ್ಚೋದು ಅಂತ ಗೊತ್ತಾಗ್ಲಿಲ್ಲ. ಊರಲ್ಲಿ ಒಬ್ರು ಟೈಲರ್ ಹತ್ರ ಕೊಟ್ಟೆ. ಅವ್ರು ಒಂದೇ ದಿನಕ್ಕೆ ಮಾಡಿ ಕೊಟ್ರು, ಹೊಳೆಯೋ ಮರೂನ್ ಕಲರ್ ರೆಡಿಮೇಡ್ ಟೇಪ್, ನೋಡೋಕೆ ಚೆನ್ನಾಗೇ ಇತ್ತು.

ಎರಡನೇ ಸಲ ಒಗೆದಾಗ ಮೂಲೆ ಬಿಚ್ಕೊಳ್ತು. ಆಮೇಲೆ ಸುತ್ತ ಅಂಚೆಲ್ಲಾ ಹಪ್ಪಳ ಕರಿದಂಗೆ ಅಲೆ ಅಲೆಯಾಗಿ ಎದ್ದು ನಿಂತ್ಕೊಳ್ತು, ಯಾಕಂದ್ರೆ ಲಾಂಗ್ ಕ್ಲಾತ್ ಹೊಸದು, ನಾನು ನೆನೆಸಿ ಒಣಗಿಸದೇ ಹಾಕಿದ್ದೆ, ಅದು ಕುಗ್ತು, ಟೇಪು ಪಾಲಿಯೆಸ್ಟರ್, ಅದು ಒಂದು ನೂಲೂ ಕುಗ್ಗಲಿಲ್ಲ. ಒಂದು ಕಡೆ ಟೇಪಿಂದ ಬಟ್ಟೆ ಜಾರಿ ಹೊರಗೆ ಬಂದು ಅಮ್ಮನ ಸೀರೆ ಎಳೆ ಎಳೆಯಾಗಿ ಬಿಚ್ಚೋಕೆ ಶುರು ಆಯ್ತು. ಅದನ್ನ ನೋಡಿ ನಂಗೆ ಅಳು ಬಂತು ನಿಜವಾಗ್ಲೂ. ಆ ಟೈಲರ್ ಹೆಸರು ಇಲ್ಲಿ ಬೇಡ, ಬ್ಲೌಸು ಚೂಡಿದಾರ್ ಅವ್ರು ತುಂಬಾ ನೀಟಾಗಿ ಹೊಲೀತಾರೆ. ಬ್ಲೌಸ್ ಕುತ್ತಿಗೆಗೆ ಪೈಪಿಂಗ್ ಕೊಡೋ ಕ್ರಮಾನೇ ಕೌದಿಗೂ ಕೊಟ್ಟಿದ್ರು, ಎರಡೂ ಒಂದೇ ಕೆಲಸ ಅಲ್ಲ ಅಷ್ಟೇ.

ಆವತ್ತು ಕೂತು ಯೋಚ್ನೆ ಮಾಡ್ದೆ, ನಮ್ಮಜ್ಜಿ ಕಾಲದಲ್ಲಿ ಈ ಟೇಪು ಗೀಪು ಎಲ್ಲಿತ್ತು? ಅಜ್ಜಿ ಕಡೂರು ಕಡೆಯೋರು, ಕೌದಿ ಅಂತಿರ್ಲಿಲ್ಲ, ಬೊಂತೆ ಅಂತಿದ್ರು. ಕೆಳಗಿನ ಸೀರೆ ಅಂಚನ್ನೇ ಒಳಗೆ ಮಡಚಿ ಮೇಲಿನ ಬಟ್ಟೇನೂ ಒಳಗೆ ಮಡಚಿ ಎರಡನ್ನೂ ಸೇರಿಸಿ ಓಡುಹೊಲಿಗೆ ಹಾಕ್ತಿದ್ರು, ಬೇರೆ ಪಟ್ಟಿನೇ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿನೂ ಹಂಗೇ, ಅವ್ರು ಅಂಚಿಂದನೇ ಶುರು ಮಾಡ್ತಾರೆ, ಒಂದು ಮೂಲೆ ಹಿಡ್ದು ಅಂಚು ಮಡಚಿ ಮಡಚಿ ತುಂಡು ಸೇರಿಸ್ತಾ ಸುತ್ತು ಬಂದು ಬಂದು ಕೊನೆಗೆ ನಡುವಿಗೆ ಬಂದು ಮುಗಿಸ್ತಾರೆ. ಹಾಗಾಗಿ ಅಂಚು ಅನ್ನೋದು ಮೊದಲನೇ ದಿನವೇ ಮುಗಿದಿರುತ್ತೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮುಕ್ಕೋನ ಮಾಡಿ ಹಚ್ತಾರೆ, ಅದಕ್ಕೆ ಫುಲ ಅಂತಾರೆ, ಫುಲ ಇಲ್ದಿದ್ರೆ ಕವಂದಿ ಪೂರ್ತಿ ಆಗ್ಲಿಲ್ಲ ಅಂತಲೇ ಲೆಕ್ಕ. ಎಷ್ಟು ಚಂದದ ಕೆಲಸ ಅದು!

ನಾವೀಗ ಮಾಡೋ ಕ್ರಮ ಉಲ್ಟಾ. ಮೇಲಿನದು ಬೇರೆ ಜೋಡಿಸ್ತೀವಿ, ಒಳಗೆ ಹತ್ತಿಯೋ ಹಳೇ ಬಟ್ಟೆಯೋ ಹಾಸ್ತೀವಿ, ಕೆಳಗಿನದು ಬೇರೆ, ಮೂರನ್ನೂ ಸೇರಿಸಿ ನಡುವಿಂದ ಹೊಲೀತಾ ಹೊರಗೆ ಬರ್ತೀವಿ, ಕೊನೆಗೆ ಸುತ್ತ ಏರುಪೇರಾಗಿ ಉಳಿದಿದ್ದನ್ನ ಸ್ಕೇಲ್ ಇಟ್ಟು ನೇರ ಕತ್ತರಿಸ್ತೀವಿ. ಕತ್ತರಿಸಿದ ಮೇಲೆ ನಾಲ್ಕೂ ಕಡೆ ಹಸಿ ಅಂಚು. ಅದನ್ನ ಮುಚ್ಚೋಕೇ ಈ ಬೈಂಡಿಂಗ್ ಪಟ್ಟಿ. ಕೌದೀಲಿ ದಿನಾ ಕೈ ಬೀಳೋದು, ಎಳೆಯೋದು, ಗದ್ದಕ್ಕೆ ಉಜ್ಜೋದು ಎಲ್ಲಾ ಅಂಚೇ, ಮೊದ್ಲು ಸವೆಯೋದೂ ಅದೇ. ಅದಕ್ಕೇ ಪಟ್ಟಿ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಂಡಿದ್ದು.

ಈಗ ಸಾಮಾನಿನ ವಿಷಯ. ಟೇಪ್ ಮೇಕರ್ ಆನ್‌ಲೈನಲ್ಲಿ ತರಿಸಿದ್ದು, 6, 12, 18, 25 ಎಂಎಂ ನಾಲ್ಕು ಸೈಜಿನ ಸೆಟ್ಟು, ನಂಗೆ ಸುಮಾರು 350 ರೂಪಾಯಿ ಬಿತ್ತು, ಡಬ್ಬಿ ಮೇಲೆ ಹೇಳಿಕೊಳ್ಳೋವಂಥ ಕಂಪನಿ ಹೆಸರೇನಿಲ್ಲ. ವಾಕಿಂಗ್ ಫೂಟ್‌ಗೆ 600ರ ಮೇಲೆ ಕೊಟ್ಟೆ. ಅದನ್ನ ಇಲ್ಲೇ ಮಾರ್ಕೆಟ್ ರೋಡ್ ಕಡೆ ಹೊಲಿಗೆ ಮಿಷನ್ ರಿಪೇರಿ ಮಾಡೋ ಅಂಗಡಿಯಲ್ಲಿ ಹೇಳಿ ತರಿಸಿಕೊಂಡೆ, ಇಟ್ಟಿರ್ಲಿಲ್ಲ, "ಬೆಂಗಳೂರಿಂದ ಬರ್ಬೇಕಕ್ಕಾ, ಒಂದು ವಾರ ಬಿಟ್ಟು ಬನ್ನಿ" ಅಂದ್ರು, ಹೇಳಿದ ದಿನಕ್ಕೆ ಬಂತು. ಅಂಗಡಿಯಲ್ಲಿ ತಗೊಂಡಿದ್ದು ಒಳ್ಳೇದಾಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಟೇಪ್ ಮೇಕರ್ ನೋಡದೇ ಇರೋರಿಗೆ: ಅದು ಒಂದು ಪುಟ್ಟ ತಗಡಿನ ಕೊಳವೆ, ಒಂದು ಕಡೆ ಬಾಯಿ ಅಗಲ, ಇನ್ನೊಂದು ಕಡೆ ಕಿರಿದು, ಮೇಲೆ ಒಂದು ಸೀಳು ಇರುತ್ತೆ, ಹಿಡ್ಕೊಂಡು ಎಳೆಯೋಕೆ ಒಂದು ತಂತಿ ಹಿಡಿ. ಬಟ್ಟೆ ಪಟ್ಟಿ ತುದಿಯನ್ನ ಓರೆಯಾಗಿ ಕತ್ತರಿಸಿ, ಉಲ್ಟಾ ಮೈ ಮೇಲೆ ಬರೋ ಹಾಗೆ ಅಗಲ ಬಾಯಿಗೆ ತುರುಕಬೇಕು, ಸೀಳಿನ ಒಳಗೆ ಗುಂಡುಸೂಜಿ ಹಾಕಿ ನಿಧಾನಕ್ಕೆ ಮುಂದೆ ದೂಡಿದ್ರೆ ಕಿರಿದಾದ ಕಡೆಯಿಂದ ಮೂತಿ ಹೊರಗೆ ಬರುತ್ತೆ. ಬರುವಾಗ ಎರಡೂ ಪಕ್ಕ ತಾನಾಗೇ ನಡುವಿಗೆ ಮಡಚಿಕೊಂಡು ಬರುತ್ತೆ. ಆ ಮೂತಿಗೆ ಪಿನ್ ಚುಚ್ಚಿ ಐರನ್ ಟೇಬಲ್‌ಗೆ ಸಿಕ್ಕಿಸಿ, ಒಂದು ಕೈಲಿ ಹಿಡಿ ಹಿಂದಕ್ಕೆ ಎಳೀತಾ ಇನ್ನೊಂದು ಕೈಲಿ ಐರನ್ ಬಾಕ್ಸ್ ಅದರ ಬೆನ್ನಿಗೇ ಅಂಟಿಕೊಂಡಂಗೆ ಓಡಿಸ್ಬೇಕು. ಐರನ್ ಹಿಂದೆ ಬಿತ್ತು ಅಂದ್ರೆ ಮಡಿಕೆ ಬಿಚ್ಚಿಕೊಳ್ಳುತ್ತೆ. ಎರಡೂ ಕೈ ಹೊಂದಿಕೊಂಡ ಮೇಲೆ ಬಟ್ಟೆ ಹಿಂಗೆ ಸರ್ರಂತ ಮಡಚಿ ಮಡಚಿ ಬರೋದು ನೋಡೋಕೆ ಖುಷಿಯಾಗುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಪಟ್ಟಿ ಅಳತೆ ಕರೆಕ್ಟಾಗಿರ್ಬೇಕು. 25 ಎಂಎಂದಕ್ಕೆ 47 ಎಂಎಂ ಹತ್ತಿರ ಅಗಲದ ಪಟ್ಟಿ, 18ಕ್ಕೆ 35, 12ಕ್ಕೆ 24. ಎರಡು ಎಂಎಂ ಕಮ್ಮಿ ಆದ್ರೂ ಒಂದು ಪಕ್ಕ ಮಡಿಕೆ ಹಿಡಿಯಲ್ಲ, ಜಾಸ್ತಿ ಆದ್ರೆ ನಡುವಲ್ಲಿ ಒಂದರ ಮೇಲೊಂದು ಏರುತ್ತೆ. ಪಟ್ಟಿಗೆ ಪಟ್ಟಿ ಜೋಡಿಸಿದ ಜಾಯಿಂಟ್ ಬಂದಾಗ ಬಾಯಲ್ಲಿ ಸಿಕ್ಕಿಕೊಳ್ಳುತ್ತೆ, ಓರೆ ಜಾಯಿಂಟ್ ಹಾಕಿ ಬಿಡಿಸಿ ಐರನ್ ಮಾಡಿದ್ರೆ ಮಾತ್ರ ದಾಟುತ್ತೆ. ಮೆತ್ತಗಿನ ಹಳೇ ಸೀರೆ ಬಟ್ಟೆಯಂತೂ ಒಳಗೇ ಮುದುಡಿ ಕೂತ್ಕೊಳ್ಳುತ್ತೆ, ಅದಕ್ಕೆ ನಾನು ಅನ್ನದ ಗಂಜಿ ತೆಳ್ಳಗೆ ಹಾಕಿ ಒಣಗಿಸಿ ಆಮೇಲೆ ಎಳೆದೆ, ಆಗ ಸಲೀಸಾಗಿ ಬಂತು. ಗಂಜಿ ಹಾಕಿದ್ದನ್ನ ಹಂಗೇ ಟ್ರಂಕಲ್ಲಿ ಇಡ್ಬೇಡಿ, ಕೌದಿ ಮುಗಿದ ಮೇಲೆ ಒಂದ್ಸಲ ಒಗೆದೇ ಇಡಿ, ಇಲ್ದಿದ್ರೆ ನಮ್ಮೂರ ತೇವಕ್ಕೆ ಬೂಷ್ಟು ಬರುತ್ತೆ, ಹುಳಾನೂ ಬರುತ್ತೆ. ಸೆಟ್ಟಲ್ಲಿ 12 ಎಂಎಂದರ ಒಳಗಡೆ ತಗಡಿನ ಅಂಚು ಚೂಪಾಗಿತ್ತು, ಬಟ್ಟೆ ಎಳೆ ಕೀಳ್ತಿತ್ತು, ಸಣ್ಣ ಮರಳು ಕಾಗದ ಸುರುಳಿ ಮಾಡಿ ಉಜ್ಜಿದ ಮೇಲೆ ಸರಿ ಹೋಯ್ತು. 6 ಎಂಎಂದು ಇನ್ನೂ ಡಬ್ಬಿಯಿಂದ ತೆಗೆದಿಲ್ಲ, ಅಷ್ಟು ಸಣ್ಣ ಪಟ್ಟಿಗೆ ಕೌದೀಲಿ ಕೆಲಸ ಇಲ್ಲ.

ಇಷ್ಟೆಲ್ಲಾ ಮಾಡಿದ ಮೇಲೂ ದೊಡ್ಡ ಕೌದಿಗೆ ಬೇಡ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಈ ಸಾಮಾನಿಂದ ಬರೋ ಟೇಪ್ ಹಾಕಿದ್ರೆ ಕೌದಿ ಅಂಚಿನ ಮೇಲೆ ಬಟ್ಟೆ ಒಂದೇ ಪದರ ಕೂರುತ್ತೆ. ಅಂಗಡಿ ರೆಡಿಮೇಡ್ ಟೇಪೂ ಅದೇ ಕಥೆ. ಆ ಒಂದು ಪದರ ಸವೆದ್ರೆ ಮುಗೀತು, ಒಳಗಿನದು ಹೊರಗೆ. ಅದೇ ಒಂದು ಅಗಲದ ಪಟ್ಟಿ ತಗೊಂಡು ಉದ್ದಕ್ಕೆ ಅರ್ಧ ಮಡಚಿ ಐರನ್ ಮಾಡಿ, ಎರಡು ಹಸಿ ಅಂಚನ್ನ ಕೌದಿ ಅಂಚಿಗೆ ಸೇರಿಸಿ ಹೊಲಿದು ಮಡಿಕೆ ಕಡೆಯನ್ನ ಹಿಂದಕ್ಕೆ ತಿರುಗಿಸಿದ್ರೆ ಅಂಚಿನ ಮೇಲೆ ಎರಡು ಪದರ ಬರುತ್ತೆ, ಡಬಲ್ ಫೋಲ್ಡ್ ಅಂತಾರಲ್ಲ ಅದು. ಹಿಂದೆ ಹೆಮ್ಮಿಂಗ್ ಮಾಡೋವಾಗಲೂ ಸಿಗೋದು ನೀಟಾದ ಮಡಿಕೆ ಅಂಚು. ಇದಕ್ಕೆ ಟೇಪ್ ಮೇಕರ್ ಬೇಕೇ ಇಲ್ಲ, ಮನೆ ಐರನ್ ಬಾಕ್ಸ್ ಸಾಕು.

ಹಂಗಾದ್ರೆ ಟೇಪ್ ಮೇಕರ್ ಎಲ್ಲಿ ಉಪಯೋಗ? ಮೂಲೆ ದುಂಡಗೆ ತಿರುಗಿಸಿದ ತೊಟ್ಟಿಲ ಕೌದಿಗೆ, ಮಗು ಬಿಬ್‌ಗೆ, ಅಡುಗೆಮನೆ ಬಿಸಿ ಪಾತ್ರೆ ಹಿಡಿಯೋ ಬಟ್ಟೆಗೆ, ಬ್ಲೌಸ್ ಕುತ್ತಿಗೆಗೆ. ಅಲ್ಲಿ ಪಟ್ಟಿ ಕ್ರಾಸ್ ಪೀಸೇ ಆಗಿರ್ಬೇಕು, ಬಟ್ಟೇನ 45 ಡಿಗ್ರಿ ಓರೆಗೆ ಕತ್ತರಿಸಿದ್ದು, ಅದು ಎಳೆದಂಗೆ ಬಗ್ಗುತ್ತೆ, ದುಂಡಕ್ಕೆ ಸುಕ್ಕಿಲ್ದೇ ಕೂರುತ್ತೆ. ನೇರ ಅಂಚಿನ ಕೌದಿಗೆ ಕ್ರಾಸ್ ಪೀಸೇ ಹಾಕ್ಬೇಕು ಅಂತ ಕೆಲವ್ರು ಹಠ ಮಾಡ್ತಾರೆ. ಓರೆ ಪಟ್ಟೀಲಿ ಎಳೆಗಳು ಅಂಚಿಗೆ ಅಡ್ಡಡ್ಡ ಬರೋದ್ರಿಂದ ಒಂದೇ ಎಳೆ ಮೇಲೆ ಉದ್ದಕ್ಕೂ ಸವೆತ ಬೀಳಲ್ಲ ಅನ್ನೋದು ನಿಜ, ಆದ್ರೆ ಬಟ್ಟೆ ಜಾಸ್ತಿ ಬೇಕು, ಹೊಲಿಯುವಾಗ ಎಳೆದುಕೊಂಡು ಹೋಗುತ್ತೆ, ಹೊಸಬರಿಗೆ ಕಷ್ಟ. ನಾನು ಮೂರು ಕೌದಿಗೆ ನೇರ ಪಟ್ಟಿನೇ ಹಾಕಿದೀನಿ, ಎರಡು ಪದರ ಇರೋದ್ರಿಂದ ಧೈರ್ಯ ಇದೆ.

ಬಟ್ಟೆ ಎಷ್ಟು ಬೇಕು ಅಂತ ಎಲ್ರೂ ಕೇಳ್ತಾರೆ, ನನ್ನದೇ ಲೆಕ್ಕ ಹೇಳ್ತೀನಿ. ಕೌದಿ 5 ಅಡಿ ಅಗಲ 7 ಅಡಿ ಉದ್ದ, ಅಂದ್ರೆ 60 ಇಂಚು, 84 ಇಂಚು. ಸುತ್ತಳತೆ 288 ಇಂಚು, ಮೂಲೆಗೆ ಮತ್ತೆ ಕೊನೇ ಜಾಯಿಂಟಿಗೆ 12 ಸೇರಿಸಿ 300. 44 ಇಂಚು ಪನ್ನದ ಕಾಟನ್ ತಗೊಂಡು ಎರಡೂ ಪಕ್ಕದ ಗಟ್ಟಿ ಅಂಚು ತೆಗೆದು, ಓರೆ ಜಾಯಿಂಟಿಗೆ ಹೋಗೋದು ಕಳೆದ್ರೆ ಒಂದು ಪಟ್ಟಿಗೆ 39 ಇಂಚು ಸಿಗುತ್ತೆ ಅಂತಿಟ್ಕೊಳ್ಳಿ, 8 ಪಟ್ಟಿ ಬೇಕು. ನನ್ನ ಕೌದಿ ಐದು ಪದರದ್ದು, ದಪ್ಪ, ಅದಕ್ಕೆ 3 ಇಂಚು ಅಗಲದ ಪಟ್ಟಿ ತೆಗೆದೆ, ಎಂಟು ಮೂರ್ಲ 24 ಇಂಚು. ಬಟ್ಟೆ ಕುಗ್ಗೋದೂ ಲೆಕ್ಕ ಹಾಕಿ ಮುಕ್ಕಾಲು ಮೀಟರ್ ತಗೊಂಡೆ. ತೆಳುವಾದ ಎರಡು ಮೂರು ಪದರದ್ದಕ್ಕೆ ಎರಡೂವರೆ ಇಂಚು ಸಾಕು, ಅದಕ್ಕಿಂತ ಕಮ್ಮಿ ಮಾಡ್ಬೇಡಿ, ಹಿಂದಕ್ಕೆ ತಿರುಗಿಸಿದಾಗ ಮಿಷನ್ ಹೊಲಿಗೆ ಮುಚ್ಚೋಕೆ ಆಗದೇ ಎಳೆದಾಡ್ಬೇಕಾಗುತ್ತೆ.

ಬಟ್ಟೆ ತಂದ ದಿನಾನೇ ಕತ್ತರಿಸ್ಬೇಡಿ, ಇದು ನಂಗೆ ಮೊದಲ ಕೌದಿ ಕಲಿಸಿದ್ದು. ಬಿಸಿ ನೀರಲ್ಲಿ ರಾತ್ರಿ ನೆನೆಸಿ, ಒಂದು ಬಿಳಿ ಚಿಂದಿನೂ ಅದರ ಜೊತೆ ಹಾಕಿ, ಬೆಳಿಗ್ಗೆ ಚಿಂದಿಗೆ ಬಣ್ಣ ಹತ್ತಿದ್ರೆ ಆ ಬಟ್ಟೆ ಬೇಡ. ಕಡು ಕೆಂಪು, ಕಡು ನೀಲಿ ಹಾಕಿದ್ರೆ ಚಂದ ಕಾಣುತ್ತೆ ಅಂತ ಆಸೆ ಇರುತ್ತೆ, ಅವೇ ಬಣ್ಣ ಬಿಡೋದೂ. ನಾನು ಕೊನೆಗೆ ಕಾಫಿ ಬಣ್ಣದ ಸಾದಾ ಕಾಟನ್ ಹಾಕಿದೆ, ಅಮ್ಮನ ಸೀರೆಯ ಹಸಿರು ಹಳದಿಗೆ ಅದು ಎಷ್ಟು ಚೆನ್ನಾಗಿ ಒಪ್ಪಿತು ಅಂದ್ರೆ ಅಕ್ಕ ನೋಡಿ ಒಂದು ನಿಮಿಷ ಮಾತೇ ಆಡ್ಲಿಲ್ಲ.

ಪಟ್ಟಿಗಳನ್ನ ತುದಿಗೆ ತುದಿ ನೇರ ಇಟ್ಟು ಹೊಲೀಬೇಡಿ. ಒಂದನ್ನ ಉದ್ದಕ್ಕೆ ಒಂದನ್ನ ಅಡ್ಡಕ್ಕೆ ಎಲ್ ಆಕಾರದಲ್ಲಿ ಒಳ್ಳೇ ಮೈ ಒಳಗೆ ಬರೋ ಹಾಗೆ ಇಟ್ಟು ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಲಿದು, ಕಾಲಿಂಚು ಬಿಟ್ಟು ಮಿಕ್ಕಿದ್ದು ಕತ್ತರಿಸಿ ಜಾಯಿಂಟ್ ಬಿಡಿಸಿ ಐರನ್ ಮಾಡಿ. ಹಂಗೆ ಮಾಡಿದ್ರೆ ಪಟ್ಟಿ ಮಡಚಿದಾಗ ಆ ದಪ್ಪ ಎಲ್ಲಾ ಒಂದೇ ಜಾಗಕ್ಕೆ ಬೀಳಲ್ಲ, ಕೈ ಆಡಿಸಿದ್ರೆ ಗಂಟು ಸಿಗಲ್ಲ.

ಇನ್ನು ವಾಕಿಂಗ್ ಫೂಟ್. ಮಿಷನ್‌ಗೆ ಕೆಳಗಡೆ ಹಲ್ಲು ಇರುತ್ತಲ್ಲ, ಬಟ್ಟೆ ಹಿಂದಕ್ಕೆ ದೂಡೋದು, ಅದು ಕೆಳಗಿನ ಪದರಾನ ಮಾತ್ರ ಎಳೆಯುತ್ತೆ, ಮೇಲಿನ ಪದರ ಮಾಮೂಲಿ ಫೂಟ್ ಕೆಳಗೆ ಒತ್ತಿ ನಿಂತಿರುತ್ತೆ. ಎರಡು ಪದರಕ್ಕೆ ಅದು ಗೊತ್ತಾಗಲ್ಲ. ಐದು ಪದರ ಕೌದಿ, ಮೇಲೆ ಎರಡು ಪದರ ಪಟ್ಟಿ, ಒಟ್ಟು ಏಳು, ಆಗ 84 ಇಂಚು ಹೊಲಿದು ಕೊನೆಗೆ ಬರೋ ಹೊತ್ತಿಗೆ ಮೇಲಿನ ಪಟ್ಟಿ ಮುಂದಕ್ಕೆ ತಳ್ಳಿಕೊಂಡು ಬಂದು ಉಬ್ಬಿರುತ್ತೆ, ಅಲ್ಲಲ್ಲಿ ನೆರಿಗೆ. ಎಷ್ಟು ಪಿನ್ ಹಾಕಿದ್ರೂ ತಪ್ಪಲ್ಲ. ವಾಕಿಂಗ್ ಫೂಟಲ್ಲಿ ಮೇಲೂ ಒಂದು ಜೊತೆ ಹಲ್ಲಿದೆ, ಪಕ್ಕದಲ್ಲಿ ಒಂದು ಕವಲಿನ ಕಡ್ಡಿ ಬರುತ್ತೆ, ಅದನ್ನ ಸೂಜಿ ಬಿಗಿಯೋ ಸ್ಕ್ರೂ ಮೇಲೆ ಕೂರಿಸ್ಬೇಕು, ಸೂಜಿ ಮೇಲೆ ಕೆಳಗೆ ಆಡಿದಂಗೆಲ್ಲಾ ಆ ಕಡ್ಡಿ ಏರಿ ಇಳಿದು ಮೇಲಿನ ಹಲ್ಲು ಕೆಳಗಿನ ಹಲ್ಲಿನ ಜೊತೆಗೇ ಹೆಜ್ಜೆ ಹಾಕುತ್ತೆ. ಏಳು ಪದರವೂ ಒಟ್ಟಿಗೆ ಹೋಗುತ್ತೆ. ಮೊದಲ ಸಲ ಹೊಲಿದು ಒಂದು ಪಕ್ಕ ಪೂರ್ತಿ ಬಂದು ನೋಡಿದ್ರೆ ಪಟ್ಟಿ ಎಲ್ಲಿ ಇಟ್ಟಿದ್ನೋ ಅಲ್ಲೇ ಇದೆ, ಒಂದು ನೆರಿಗೆ ಇಲ್ಲ. ನಂಗೆ ಕೊಟ್ಟ ದುಡ್ಡು ಆವತ್ತೇ ವಸೂಲಾಯ್ತು ಅನ್ನಿಸ್ತು.

ತೊಂದ್ರೆನೂ ಹೇಳ್ತೀನಿ. ಶಬ್ದ ಜಾಸ್ತಿ, ಕಟಕಟ ಅಂತ ಇರುತ್ತೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಹೊಲಿಯೋಕಾಗಲ್ಲ. ನಿಧಾನಕ್ಕೇ ಹೊಲೀಬೇಕು. ರಿವರ್ಸ್ ಹೊಲಿಗೆ ಇದರಲ್ಲಿ ಬೇಡ, ಹಿಂದಕ್ಕೆ ಹೋದ್ರೆ ಬಟ್ಟೆ ಮುದುಡುತ್ತೆ, ದಾರದ ತುದಿ ಉದ್ದ ಬಿಟ್ಟು ಕೈಲಿ ಗಂಟು ಹಾಕಿ. ಆಮೇಲೆ ಅದುರಿ ಅದುರಿ ಸೂಜಿ ಸ್ಕ್ರೂ ಸಡಿಲ ಆಗುತ್ತೆ, ನಂದು ಎರಡನೇ ಕೌದೀಲಿ ಸೂಜಿ ಜಾರಿ ಪಟ್ ಅಂತ ಮುರೀತು, ಅವತ್ತಿಂದ ಒಂದೊಂದು ಪಕ್ಕ ಮುಗಿದ ಮೇಲೆ ಸ್ಕ್ರೂ ಒಂದ್ಸಲ ಬಿಗಿ ಮಾಡ್ತೀನಿ. ಸೂಜಿ 16 ನಂಬರ್ ಹಾಕಿ, ಹೊಲಿಗೆ ಉದ್ದ 3ಕ್ಕೆ ಇಡಿ.

ತಗೊಳ್ಳೋಕೆ ಮುಂಚೆ ನಿಮ್ಮ ಮಿಷನ್ ಲೋ ಶಾಂಕಾ ಹೈ ಶಾಂಕಾ ಕೇಳ್ಕೊಳ್ಳಿ, ಅಂದ್ರೆ ಫೂಟ್ ಸಿಕ್ಕಿಸೋ ಕಂಬಿ ಗಿಡ್ಡಾನಾ ಉದ್ದಾನಾ ಅಂತ. ನಂದು ಉಷಾ ಜಾನೋಮ್, ಲೋ ಶಾಂಕ್, ಸರಿಯಾಗಿ ಕೂತಿತು. ಅಮ್ಮನ ಹಳೇ ಕಾಲ್ಮಿಷನ್‌ಗೂ ಹಾಕೋಣ ಅಂತ ನೋಡಿದೆ, ಆ ಕವಲು ಕಡ್ಡಿ ಸೂಜಿ ಸ್ಕ್ರೂ ಮೇಲೆ ಕೂರಲೇ ಇಲ್ಲ. ಅಂಗಡೀಲಿ ತಗೊಂಡಿದ್ದು ಒಳ್ಳೇದಾಯ್ತು ಅಂದಿದ್ದು ಇದಕ್ಕೇ, ಮಿಷನ್ ತಲೆ ಎತ್ತಿಕೊಂಡು ಆಟೋದಲ್ಲಿ ಹೋಗಿದ್ದೆ, ಅವ್ರೇ ಹಾಕಿ ಹಳೇ ಬೆಡ್‌ಶೀಟ್ ನಾಲ್ಕು ಮಡಿಕೆ ಮಾಡಿ ಹೊಲಿದು ತೋರಿಸಿದ್ರು. ಆನ್‌ಲೈನಲ್ಲಿ ತಗೊಂಡ್ರೆ ಹಿಂಗೆ ಹಾಕಿ ತೋರಿಸೋರು ಸಿಗಲ್ಲ.

ಕೌದಿ ಅಂಚಿನಲ್ಲಿ ಎಲ್ರಿಗೂ ಭಯ ಇರೋದು ಮೂಲೆಗೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪಟ್ಟಿ ಶುರು ಮಾಡೋದು ಮೂಲೆಯಿಂದ ಅಲ್ಲ, ಒಂದು ಪಕ್ಕದ ನಡುವಿಂದ, ಅದೂ ಹತ್ತು ಇಂಚು ಬಾಲ ಬಿಟ್ಟು. ನನ್ನ ದಪ್ಪ ಕೌದಿಗೆ ಹೊಲಿಗೆ ಅಂಚಿಂದ ಕಾಲಿಂಚಿಗೂ ಅರ್ಧ ಇಂಚಿಗೂ ಮಧ್ಯೆ ಓಡಿಸ್ತೀನಿ. ಪಟ್ಟಿ ಎಳೀಬಾರ್ದು, ಎಳೆದು ಹೊಲಿದ್ರೆ ಆಮೇಲೆ ಅದು ಕುಗ್ಗಿ ಕೌದಿ ಅಂಚು ದೋಣಿ ಥರ ಎದ್ದು ನಿಲ್ಲುತ್ತೆ. ಮೂಲೆ ಬಂದಾಗ, ಪಕ್ಕದಿಂದ ಎಷ್ಟು ದೂರ ಹೊಲೀತಾ ಬಂದಿದೀರೋ ಮೂಲೆಗೂ ಅಷ್ಟೇ ದೂರ ಇರುವಾಗ ನಿಲ್ಲಿಸ್ಬೇಕು, ನಾನು ಅಲ್ಲೊಂದು ಚಾಕ್ ಚುಕ್ಕಿ ಮೊದ್ಲೇ ಇಟ್ಟಿರ್ತೀನಿ. ದಾರ ಕತ್ತರಿಸಿ ಕೌದಿ ಹೊರಗೆ ಎಳ್ಕೊಳ್ಳಿ. ಈಗ ಪಟ್ಟೀನ ಮೇಲಕ್ಕೆ ಮಡಚಿ, ಮುಂದೆ ಹೊಲೀಬೇಕಾದ ಪಕ್ಕದ ನೇರಕ್ಕೆ ಬರ್ಬೇಕು, ಮೂಲೇಲಿ ಓರೆ ಮಡಿಕೆ ಒಂದು ಬೀಳುತ್ತೆ. ಅದನ್ನ ಬೆರಳಲ್ಲಿ ಒತ್ತಿ ಹಿಡ್ಕೊಂಡು ಪಟ್ಟೀನ ವಾಪಸ್ ಕೆಳಕ್ಕೆ ಮಡಚಿ, ಮೇಲಿನ ಮಡಿಕೆ ಕೌದಿಯ ಮೇಲಂಚಿಗೆ ಸರಿಯಾಗಿ ಸಮ ನಿಲ್ಲಬೇಕು, ಒಂದು ಚೂರು ಮೇಲೂ ಬೇಡ ಕೆಳಗೂ ಬೇಡ. ಅಂಚಿಂದಲೇ ಮತ್ತೆ ಹೊಲಿಗೆ ಶುರು. ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿ ನೋಡಿ, ಮೂಲೆ ಫೋಟೋ ಫ್ರೇಮಿನ ಮೂಲೆ ಥರ ಓರೆ ಗೆರೆ ಬಂದು ತಾನಾಗೇ ಕೂತ್ಕೊಳ್ಳುತ್ತೆ. ಹಿಂದೆ ಮಡಚುವಾಗ ಮುಂದೆ ಯಾವ ಕಡೆ ಮಡಿಕೆ ಬಿದ್ದಿದೆಯೋ ಅದರ ಎದುರು ಕಡೆಗೆ ಮಡಿಚಿ, ದಪ್ಪ ಎರಡೂ ಕಡೆ ಹಂಚಿಹೋಗುತ್ತೆ. ನಂಗೆ ಮೊದಲನೇ ಮೂಲೆಗೆ ಮೂರು ಸಲ ಬಿಚ್ಚಬೇಕಾಯ್ತು, ನಾಲ್ಕನೇ ಮೂಲೆ ಒಂದೇ ಸಲಕ್ಕೆ ಬಂತು.

ಕೊನೇ ಜಾಯಿಂಟಿಗೆ, ಎರಡೂ ಬಾಲ ಒಂದರ ಮೇಲೊಂದು ಇಟ್ಟು, ಪಟ್ಟಿ ಕತ್ತರಿಸಿದ ಅಗಲ ಎಷ್ಟೋ ಅಷ್ಟೇ ಉದ್ದ ಒಂದರ ಮೇಲೊಂದು ಉಳಿಸಿ ಮಿಕ್ಕಿದ್ದು ಕತ್ತರಿಸಿ, ನಂದು 3 ಇಂಚು. ಆಮೇಲೆ ಮೊದಲಿನ ಹಾಗೆ ಎಲ್ ಆಕಾರದಲ್ಲಿ ಓರೆ ಹೊಲಿಗೆ. ಕತ್ತರಿ ಹಾಕೋಕೆ ಮುಂಚೆ ಪಿನ್ ಹಾಕಿ ಕೂರಿಸಿ ನೋಡಿ, ಪಟ್ಟಿ ತಿರುಚಿಕೊಂಡಿದ್ರೆ ಅಲ್ಲೇ ಗೊತ್ತಾಗುತ್ತೆ.

ಹಿಂದೆ ಹೆಮ್ಮಿಂಗ್ ನಾನು ಕೈಯಲ್ಲೇ ಮಾಡಿದ್ದು. ಮಿಷನಲ್ಲೂ ಮಾಡ್ಬಹುದು, ಬೇಗ ಆಗುತ್ತೆ, ಆದ್ರೆ ಮುಂದುಗಡೆ ಹೊಲಿಗೆ ಗೆರೆ ಕಾಣುತ್ತೆ, ಅಮ್ಮನ ಸೀರೆ ಮೇಲೆ ಅದು ನಂಗೆ ಬೇಡ ಅನ್ನಿಸ್ತು. ದಾರಕ್ಕೆ ಮೇಣ ಉಜ್ಜಿ, ಕೆಳಗಿನ ಬಟ್ಟೆ ಮಾತ್ರ ಚುಚ್ಚಿ ಮುಂದಕ್ಕೆ ಸೂಜಿ ಬರದ ಹಾಗೆ ಹತ್ತಿರ ಹತ್ತಿರ ಹೊಲಿಗೆ. ಹಿಡಿಯೋಕೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ ಮಾರ್ತಾರೆ, ನಾನು ಮಗಳ ಟಿಕ್‌ಟಾಕ್ ಹೇರ್ ಕ್ಲಿಪ್ ಹಾಕಿದೆ, ಎರಡು ಡಜನ್ ಇದ್ವು, ಚೆನ್ನಾಗೇ ಹಿಡಿಯುತ್ತೆ, ಪಿನ್ನಿನ ಹಾಗೆ ಚುಚ್ಚಲ್ಲ. ಆರು ಸಂಜೆ ಆಯ್ತು ನಾಲ್ಕೂ ಪಕ್ಕ ಮುಗಿಯೋಕೆ. ಕಾಲ ಮೇಲೆ ಕೌದಿ ಹರಡಿಕೊಂಡು ಹೊಲೀತಾ ಕೂತ್ರೆ ಹೊರಗೆ ಮಳೆ, ಕರೆಂಟ್ ಹೋಗಿದ್ರೂ ಬೆರಳಿಗೇ ದಾರಿ ಗೊತ್ತಾಗೋ ಹಾಗಾಗಿತ್ತು. ಅಮ್ಮ ದಿನಾ ಬೆಳಿಗ್ಗೆ ಉಟ್ಟು ಸೆರಗು ಸಿಕ್ಕಿಸಿಕೊಳ್ತಿದ್ದ ಹಸಿರು ಸೀರೆ ಅಂಚು ಕೈಗೆ ಸಿಕ್ಕಾಗ ಸ್ವಲ್ಪ ಹೊತ್ತು ಸುಮ್ನೆ ಹಿಡ್ಕೊಂಡು ಕೂತಿದ್ದೆ.

ಜೂನಿಂದ ಸೆಪ್ಟೆಂಬರ್‌ವರೆಗೆ ದಿನಾ ಹೊದ್ದಿದ್ದು. ಮುಳ್ಳಯ್ಯನಗಿರಿ ಕಡೆಯಿಂದ ಮಂಜು ಇಳಿದ್ರೆ ಇಲ್ಲಿ ಬಟ್ಟೆ ಮೂರು ದಿನ ಆದ್ರೂ ಒಣಗಲ್ಲ, ಅದಕ್ಕೇ ಒಳಗಡೆ ಹಗ್ಗ ಕಟ್ಟಿ ಫ್ಯಾನ್ ಕೆಳಗೆ ಒಣಗಿಸಿದ್ದು. ಒಟ್ಟು ಐದು ಸಲ ಮಿಷನಲ್ಲೇ ಒಗೆದೆ. ಒದ್ದೆ ಕೌದಿ ಭಾರ ಎಷ್ಟಿರುತ್ತೆ ಅಂತ ಗೊತ್ತಲ್ಲ, ಹಗ್ಗದ ಮೇಲೆ ಹಾಕಿದಾಗ ಆ ಭಾರ ಎಲ್ಲಾ ಅಂಚು ಎಳೆಯುತ್ತೆ. ಈಗಿನವರೆಗೂ ಡಬಲ್ ಫೋಲ್ಡ್ ಹಾಕಿದ ಮೂರರಲ್ಲೂ ಒಂದು ಹೊಲಿಗೆ ಬಿಟ್ಟಿಲ್ಲ, ಅಂಚು ನೆಟ್ಟಗೆ ಇದೆ. ಟೇಪ್ ಮೇಕರ್ ಟೇಪ್ ಹಾಕಿದ ನಾಲ್ಕನೇದು ತೊಟ್ಟಿಲಿಂದು, ದುಂಡು ಮೂಲೆ ತುಂಬಾ ಚಂದ ಕೂತಿದೆ, ಆದ್ರೆ ಮಗು ಬಾಯಿಗಿಟ್ಟು ಚೀಪೋ ಜಾಗದಲ್ಲಿ ಒಂದು ಬೆರಳಗಲ ಆಗಲೇ ಸವೆದು ಬಿಳಿಚಿದೆ. ಅದನ್ನ ಬಿಚ್ಚಿ ಅಷ್ಟು ಭಾಗಕ್ಕೆ ಇನ್ನೊಂದು ಪಟ್ಟಿ ಕೊಡ್ತೀನಿ ಮುಂದಿನ ವಾರ.

ಮೊದಲನೇ ಕೌದಿ, ಆ ಹಾಳಾಗಿದ್ದು, ಅದರ ಮರೂನ್ ಟೇಪ್ ಪೂರ್ತಿ ಬಿಚ್ಚಿ ಹಾಕಿದೆ. ಸುತ್ತ ಒಂದೂವರೆ ಇಂಚು ಕತ್ತರಿಸಬೇಕಾಯ್ತು, ಎಳೆ ಬಿಚ್ಚಿಕೊಂಡಿದ್ದೆಲ್ಲಾ ಹೋಯ್ತು, ಕೌದಿ ಸ್ವಲ್ಪ ಚಿಕ್ಕದಾಯ್ತು. ಮೇಲೆ ಹೇಳಿದ ಮೂರರಲ್ಲಿ ಅದೂ ಒಂದು. ಮಗು ಈಗ ಅದನ್ನೇ ಹೊದ್ದು ಮಲಗುತ್ತೆ.

ಮನೇಲಿ ಲೋ ಶಾಂಕ್ ಮಿಷನ್ ಇದ್ದು ವರ್ಷಕ್ಕೆ ಒಂದೆರಡಾದ್ರೂ ಕೌದಿ ಹೊಲಿಯೋರು ವಾಕಿಂಗ್ ಫೂಟ್ ಕಣ್ಣು ಮುಚ್ಚಿ ತಗೊಳ್ಳಿ, ಐದಕ್ಕೆ ಐದು ಕೊಡ್ತೀನಿ. ಟೇಪ್ ಮೇಕರ್ ಸೆಟ್ಟಿಗೆ ಐದಕ್ಕೆ ಮೂರು. ಬೇಕೇ ಬೇಕು ಅಂದ್ರೆ ಸೆಟ್ ಬೇಡ, 25 ಮತ್ತೆ 18 ಎಂಎಂ ಬಿಡಿ ಬಿಡಿ ಸಿಕ್ರೆ ಅವೆರಡೇ ತಗೊಳ್ಳಿ, ಕೈಗೆ ಬಂದ ತಕ್ಷಣ ಒಂದು ತೆಳು ಬಟ್ಟೆ ಚೂರು ಒಳಗೆ ಎಳೆದು ನೋಡಿ, ಎಳೆ ಕಿತ್ಕೊಂಡ್ರೆ ವಾಪಸ್ ಮಾಡಿ. ಮಾಮೂಲಿ ಕಾಲ್ಮಿಷನ್ ಮಾತ್ರ ಇರೋರು ಎರಡೂ ತಗೋಬೇಡಿ. ಪಟ್ಟೀನ ಮೊದ್ಲು ಕೈಲಿ ಕಚ್ಚಾ ಹೊಲಿಗೆ ಹಾಕಿ ಕೂರಿಸಿಕೊಂಡು ಆಮೇಲೆ ಮಿಷನಲ್ಲಿ ಓಡಿಸಿ, ಒಂದು ದಿನ ಜಾಸ್ತಿ ಹಿಡಿಯುತ್ತೆ, ನೆರಿಗೆ ಬೀಳಲ್ಲ. ಪಕ್ಕದ ಮನೆ ಆಂಟಿ ಹಂಗೇ ಮಾಡಿದ್ರು, ಅವರ ಕೌದಿ ಅಂಚು ನಂದಕ್ಕಿಂತ ನೇರ ಬಂದಿದೆ.